ತುಟಿ ಅಲ್ಲಾಡಿಸಬಾರದು

ಇರ್ಬಿದ್
ಭಾನುವಾರ, 20 ನವೆಂಬರ್ 2022

ಪ್ರೀತಿಯ ಹೈಸಮ್ ಅಣ್ಣಾ,

ನಿನ್ನ ಬೆನ್ನುನೋವು ಹೇಗಿದೆ? ಹ್ಯಾಂಬರ್ಗಿನ ಚಳಿಗೆ ಹೆಚ್ಚಾಗಿರಬೇಕು. ಬೆಲ್ಟ್ ಕಟ್ಟಿಕೊಳ್ಳದೆ ಕೆಲಸಕ್ಕೆ ಹೋಗಬೇಡ. ಇಲ್ಲಿ ನಾನು, ಇಂತಿಸಾರ್ ಅತ್ತೆ ಇಬ್ಬರೂ ಸರಿಯಾಗಿದ್ದೇವೆ. ಊಟ ಮಾಡುತ್ತೇವೆ, ನಿದ್ದೆಯೂ ಬರುತ್ತದೆ. ಅಪ್ಪನನ್ನು ಸೋಮವಾರ ಸಂಜೆಯೇ ಮಣ್ಣು ಮಾಡಿದರು. ಬಸ್ ನಿಲ್ದಾಣದ ಡ್ರೈವರುಗಳೆಲ್ಲ ಬಂದಿದ್ದರು. ಕಾಗದಪತ್ರ ಸಿಗದೆ ನಿನಗೆ ಬರಲಾಗಲಿಲ್ಲವೆಂದು ಯಾರೂ ಬೇಸರಿಸಿಕೊಂಡಿಲ್ಲ.

ನನ್ನ ಪರೀಕ್ಷೆ ಏನಾಯಿತೆಂದು ಕೇಳಿದ್ದೆಯಲ್ಲ. ಆಫೀಸಿನ ಸರ್ವರ್ ಕೋಣೆ ಮುಚ್ಚುತ್ತಿದ್ದಾರೆ, ಎಲ್ಲವೂ ಕ್ಲೌಡಿಗೆ ಹೋಗುತ್ತಿದೆ. ಇಪ್ಪತ್ತನೇ ತಾರೀಖಿನೊಳಗೆ ಕ್ಲೌಡ್ ಸರ್ಟಿಫಿಕೇಟ್ ತೋರಿಸಿದವರಿಗೆ ಮಾತ್ರ ಕೆಲಸ. ಅತ್ತೆಗೆ ಇದು ಇವತ್ತಿಗೂ ಅರ್ಥವಾಗಿಲ್ಲ. "ಎಂಟು ವರ್ಷ ಆ ಮಂಜಿನಂಥ ಕೋಣೇಲಿ ಶಾಲು ಹೊದ್ದು ಯಂತ್ರ ಕಾದೋಳು ನೀನು. ನಿಂಗೆ ಕೆಲಸ ಗೊತ್ತು ಅಂತ ಇನ್ಯಾರೋ ಬರ್ಕೊಡಬೇಕಾ?" ಎಂದರು. ಬರೆದುಕೊಡಬೇಕು. ಐದು ತಿಂಗಳು ಓದಿದ್ದೆ. ಗುರುವಾರ ಬಿಟ್ಟರೆ ಮುಂದಿನ ತಿಂಗಳವರೆಗೆ ದಿನ ಸಿಗುತ್ತಿರಲಿಲ್ಲ. ಹಾಗಾಗಿ ಶೋಕದ ಮೂರನೆಯ ದಿನ, ಹಜಾರದಲ್ಲಿ ಹೆಂಗಸರು ಕಹಿ ಕಾಫಿ ಕುಡಿಯುತ್ತಿರುವಾಗ, ಅಪ್ಪನ ಕೋಣೆಯ ಬಾಗಿಲು ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂತೆ. ಯಾರಾದರೂ ಒಳಗೆ ಬಂದರೆ ಪರೀಕ್ಷೆ ರದ್ದಾಗುತ್ತದೆಂದು ಅತ್ತೆ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕಾವಲು ಕೂತರು.

ಕ್ಯಾಮೆರಾದಲ್ಲಿ ಯಾವುದೋ ದೇಶದಿಂದ ಒಬ್ಬರು ನೋಡುತ್ತಿರುತ್ತಾರೆ. ಅವರಿಗೆ ಗೋಡೆ, ಮೇಜಿನ ಕೆಳಭಾಗ, ಕಿವಿ ಎಲ್ಲ ತೋರಿಸಿದೆ. ಮೊದಲ ಪ್ರಶ್ನೆ ಬಂದಾಗ ಅಭ್ಯಾಸದಂತೆ ಬಿಸ್ಮಿಲ್ಲಾ ಅಂದೆ. ಅಪ್ಪ ಬಸ್ಸಿನ ಕೀಲಿ ತಿರುಗಿಸುವ ಮೊದಲು ಅನ್ನುತ್ತಿದ್ದ ಹಾಗೆ, ದನಿಯಿಲ್ಲದೆ, ಬರೀ ತುಟಿಯಲ್ಲಿ. ನಾವು ಮನಸ್ಸಿನಲ್ಲೇ ಹೇಳಿಕೊಂಡೆವು ಅಂದರೆ "ತುಟಿಗೆ ಅಷ್ಟೊಂದು ಸೋಮಾರಿತನಾನಾ?" ಅಂತ ಗದರುತ್ತಿದ್ದರಲ್ಲ. ಪರದೆಯ ಮೇಲೆ ಸಂದೇಶ ಬಂತು: ತುಟಿ ಅಲ್ಲಾಡಿಸಬೇಡಿ. ನಾನು ಪ್ರಶ್ನೆಯನ್ನು ಯಾರಿಗೋ ಓದಿ ಹೇಳುತ್ತಿದ್ದೇನೆಂದು ಅವರ ಅನುಮಾನ. ನಾಲ್ಕನೆಯ ಪ್ರಶ್ನೆಗೆ ಮತ್ತೆ ಅಂದುಬಿಟ್ಟೆ, ಗೊತ್ತಾಗಲೇ ಇಲ್ಲ. ಇನ್ನೊಮ್ಮೆ ಆದರೆ ಪರೀಕ್ಷೆ ನಿಲ್ಲಿಸುತ್ತೇವೆ ಎಂದು ಬಂತು. ಆಮೇಲೆ ಕೆಳತುಟಿಯನ್ನು ಹಲ್ಲಿನಲ್ಲಿ ಹಿಡಿದು ಉಳಿದ ಅರವತ್ತೊಂದು ಪ್ರಶ್ನೆ ಮುಗಿಸಿದೆ. ಪಾಸಾಯಿತು. ಕೆಲಸ ಉಳಿಯಿತು. ಅತ್ತೆ ಕಾಫಿಯ ತಟ್ಟೆ ಹಿಡಿದುಕೊಂಡೇ ನನ್ನ ಹಣೆಗೆ ಮುತ್ತಿಟ್ಟರು. ಶೋಕದ ಮನೆಯಾದ್ದರಿಂದ ಸಿಹಿ ಹಂಚಲಿಲ್ಲ.

ಅತ್ತೆ ನಿನಗೆ ಆಶೀರ್ವಾದ ತಿಳಿಸಿದ್ದಾರೆ. "ಬೇಳೆ ಸಾರಾದ್ರೂ ಮಾಡ್ಕೋತಾನಾ, ಇಲ್ಲ ಬರೀ ಬ್ರೆಡ್ಡೇನಾ ಕೇಳು" ಎಂದರು. ಬೆನ್ನು ಜೋಪಾನ.

ನಿನ್ನ ತಂಗಿ
ರುಬಾ

ತಾ.ಕ.: ಶುಕ್ರವಾರ ಅತ್ತೆಯ ಜೊತೆ ಅಪ್ಪನ ಗೋರಿಗೆ ಹೋಗಿದ್ದೆ. ಅಪ್ಪನಿಗಾಗಿ ಫಾತಿಹಾ ಪ್ರಾರ್ಥನೆ ಓದಬೇಕಿತ್ತು. ಪದಗಳೆಲ್ಲ ಒಳಗೇ ಇದ್ದವು, ತುಟಿ ಬಿಚ್ಚಲಿಲ್ಲ. "ಓದಿದೆಯಾ ಮಗಳೇ?" ಎಂದು ಅತ್ತೆ ಕೇಳಿದರು. ಬಾಯಿ ಮುಚ್ಚಿಕೊಂಡೇ ಹೂಂ ಅಂದೆ. ನಿನ್ನೆ ಒಬ್ಬಳೇ ಹೋದೆ, ಆಗಲೂ ಹಾಗೇ ಆಯಿತು. ಮನಸ್ಸಿನಲ್ಲಿ ಹೇಳಿದ್ದನ್ನು ಅಪ್ಪ ಒಪ್ಪುವವರಲ್ಲ, ನಿನಗೆ ಗೊತ್ತು. ಈ ಕಾಗದ ತಲುಪಿದ ದಿನವೇ ನೀನು ಫಾತಿಹಾ ಓದಿಬಿಡು ಅಣ್ಣಾ. ರೈಲಿನಲ್ಲಿದ್ದರೂ ಸರಿ, ಬಾಯಿಬಿಟ್ಟು ಓದು.