ತಾಲೀಮಿನ ಗೋಡೆಗೆ ಜ್ಞಾನು ಕಾಕಾ

ಫೆಬ್ರುವರಿ 3, ಬೆಳಿಗ್ಗೆ 6
ಇನ್ನೂರು ಬೈಠಕ್ ಆಯಿತು. ಅಲ್ಲ, ನೂರೆಂಬತ್ತು. ಕೊನೆಯ ಇಪ್ಪತ್ತು ಅರ್ಧರ್ಧ.

ಹುಮನಾಬಾದಿನ ನನ್ನ ರೂಮಿನಲ್ಲಿ ಕುಸ್ತಿ ರಿಂಗಿನ ಹಲಗೆಗಳು ಗೋಡೆಗೆ ಒರಗಿಕೊಂಡೇ ಇವೆ. ಜ್ಞಾನು ಕಾಕಾ ಕಾಮಾಲೆಯಿಂದ ತೀರಿಹೋಗಿ ಇವತ್ತಿಗೆ ಹದಿನೆಂಟು ದಿನ. ಹನ್ನೊಂದು ವರ್ಷ ಸ್ವಂತ ರಿಂಗು ಟೆಂಪೋಕ್ಕೆ ಹೇರಿಕೊಂಡು ಊರೂರು ಆಡಿದ. ಯಾವ ಕಂಪನಿಯೂ ಇಲ್ಲ. ಟಿವಿಯಲ್ಲಿ ಬರುತ್ತದಲ್ಲ, ಅಂಥ ಕುಸ್ತಿ. ಗೆಲ್ಲುವುದು ಯಾರೆಂದು ಮೊದಲೇ ಮಾತಾಗಿರುತ್ತಿತ್ತು. ಕಾಕಾ ಯಾವಾಗಲೂ ಕೆಟ್ಟವನು, ಯಾವಾಗಲೂ ಸೋಲುವವನು. ಘಾಟಬೋರಾಳದಲ್ಲಿ ಒಬ್ಬ ಅಜ್ಜಿ ಚಪ್ಪಲಿ ಎಸೆದಳು. ಕಾಕಾ ಅದನ್ನು ಒರೆಸಿ ವಾಪಸ್ ಕೊಟ್ಟ — "ಇನ್ನೊಂದ್ ಯಾಕ ಉಳಿಸ್ಕೊಂಡ್ರಿ, ಆಯಿ?" ಆಕೆ ಅದನ್ನೂ ಎಸೆದಳು.

ಒಂಬತ್ತನೇ ಕ್ಲಾಸು ಬಿಟ್ಟು, ಹಿಡಿದ ಕೆಲಸಗಳನ್ನೂ ಬಿಟ್ಟು, ಅವನ ಹಿಂದೆ ಹೋದೆ. ಮೂರು ತಿಂಗಳು ಬರೀ ಬೀಳುವುದನ್ನು ಕಲಿಸಿದ. ಯಾವ ಕೆಲಸದಲ್ಲೂ ಎಂಟು ದಿನ ನಿಲ್ಲದವನು ಅಲ್ಲಿ ನಿಂತೆ.

ಫೆಬ್ರುವರಿ 5
ಬಸವಕಲ್ಯಾಣ. ದ್ರೌಪತಿ ಕಾಕಿ ಗಂಡನ ಫೋಟೊಕ್ಕೆ ಫ್ರೇಮ್ ಹಾಕಿಸಿದ್ದಾಳೆ. ಗರಡಿ ಗುರು ವೈಜನಾಥ ವಸ್ತಾದರ ತಾಲೀಮಿನ ಗೋಡೆಯಲ್ಲಿ, ಪೈಲ್ವಾನರ ಸಾಲಿನಲ್ಲಿ ಹಾಕಬೇಕಂತೆ. ಕಾಕಾ ಮೊದಲು ಮಣ್ಣು ಮುಟ್ಟಿದ್ದು ಅಲ್ಲೇ. ನಾನೇ ಒಯ್ದೆ.

ವಸ್ತಾದರು ಫೋಟೊ ಕೈಗೆ ತೆಗೆದುಕೊಳ್ಳಲಿಲ್ಲ.

"ಈ ಗ್ವಾಡಿಮ್ಯಾಗ ಇರೋರು ಖರೇ ಕುಸ್ತಿ ಗೆದ್ದೋರು. ಅಂವ ನಾಟಕದಾಗ ಬಿದ್ದಂವ. ಖರೇ ಗೆದ್ದದ್ದು ಒಂದ್ ಹೇಳು, ಈಗೇ ಮೊಳಿ ಹೊಡಿತೀನಿ."

ಹಿಂದೆ ಮೈಗೆ ಎಣ್ಣೆ ತಿಕ್ಕುತ್ತಿದ್ದ ಗುರುನಾಥ ನನ್ನತ್ತ ಬೆರಳು ಮಾಡಿ ಕೂಗಿದ — "ಅಂವ ಏನ್ ಗೆಲ್ತಾನ್ರಿ? ರಾಜೇಶ್ವರದಾಗ ಈ ಅಜೀತನೇ ಅವನ ಭುಜ ಮುರದಾನ. ಶೇರ್ ಅದಾನ, ಹುಲಿ!"

ಎಲ್ಲರೂ ನಕ್ಕರು. ನಾನೂ ನಕ್ಕೆ.

ಬರೆದಿಡುತ್ತೇನೆ. ನಾನೂ ನಕ್ಕೆ.

ಫೆಬ್ರುವರಿ 6
ನಮ್ಮ ಟೆಂಪೋ ಓಡಿಸುತ್ತಿದ್ದ ಮೊಹಿನುದ್ದೀನ್ ಭಾಯಿ ಉಪಾಯ ಹೇಳಿದ. "ಸೋಲಾಪುರದಾಗ ಒಬ್ಬ ಪೈಲ್ವಾನಗ ಚಿತ್ ಮಾಡಿದ್ದ ಅಂತ ಹೇಳಿಬಿಡು. ಯಾರ್ ಹೋಗಿ ಕೇಳ್ತಾರ?"

"ಸುಳ್ಳ್ ಆಗ್ತದಲ್ಲ, ಭಾಯಿ?"

"ಬಂದಾನ ದೊಡ್ಡ ಜಡ್ಜ್ ಸಾಹೇಬ! ಆ ಹೆಣ್ಮಗಳಿಗಿ ಸಮಾಧಾನ ಆಗ್ತದ, ಅಷ್ಟ್ ನೋಡು."

ಕಾಕಿಯನ್ನು ಕೇಳಿದೆ, ಭುಜದ ಬಗ್ಗೆ ಕಾಕಾ ಏನು ಹೇಳಿದ್ದ? "ಕಾಲ್ ಜಾರ್ತು ಅಂದಿದ್ರು. ಯಾಕ?" ಏನಿಲ್ಲ ಅಂದೆ.

ಆಕೆಗೂ ಹೇಳಿರಲಿಲ್ಲ ಅವನು.

ಫೆಬ್ರುವರಿ 11
ನಾಲ್ಕು ದಿನ ಬರೆಯಲಿಲ್ಲ. ಬರೆದರೆ ಇದನ್ನೇ ಬರೆಯಬೇಕಿತ್ತು.

ರಾಜೇಶ್ವರದಲ್ಲಿ ಹೋದ ವರ್ಷದ ಆಟ. ನಾನು ಮೂಲೆಯ ಕಂಬ ಹತ್ತಿದ್ದೆ. ಕಾಕಾ ಕೆಳಗೆ ಮಲಗಿದ್ದ. ಅವನು ಅಂಗೈಯಿಂದ ಹಲಗೆಗೆ ಎರಡು ಸಲ ಬಡಿದರೆ — ತಯಾರಿದ್ದೇನೆ, ಹಾರು. ಬಡಿತ ಕೇಳದೆ ಹಾರುವ ಹಾಗಿಲ್ಲ. ಅವತ್ತು ಸೀಟಿ ಹೊಡೆಯುತ್ತಿದ್ದರು, ನನ್ನ ಹೆಸರು ಕೂಗುತ್ತಿದ್ದರು... ಹಾರಿಬಿಟ್ಟೆ. ಕಾಲು ಹಗ್ಗಕ್ಕೆ ಸಿಕ್ಕಿ ತಲೆ ಕೆಳಗಾಯಿತು. ಕಾಕಾ ಪಕ್ಕಕ್ಕೆ ಉರುಳಬಹುದಿತ್ತು. ಉರುಳಲಿಲ್ಲ. ಅರ್ಧ ಎದ್ದು ನನ್ನ ತಲೆಗೆ ಅಡ್ಡ ಭುಜ ಕೊಟ್ಟ. ಎಲುಬು ಟಕ್ ಅಂದದ್ದು ನನ್ನ ಕಿವಿಯ ಹತ್ತಿರವೇ. ಆಮೇಲೂ ಮಾತಾದ ಹಾಗೆ ಬೆನ್ನು ಹಚ್ಚಿ ಮಲಗಿದ. ಮೂರು ಎಣಿಸಿದರು. ನನ್ನನ್ನು ಹೆಗಲ ಮೇಲೆ ಹೊತ್ತು ಕುಣಿದರು.

ಟೆಂಪೋದಲ್ಲಿ ಕಾಕಾ ಬೆವರುತ್ತ ಕೇಳಿದ್ದು ಒಂದೇ — "ಕುತಿಗಿ ಹೊಳ್ಳಿಸು, ನೋಡೂನು. ನೋವದನೇನು?"

ಭುಜ ಮುರಿದವನು ಎಂದು ನನಗೆ ಹೆಸರು ಬಂತು. ಅಲ್ಲ ಎಂದು ನಾನು ಅನ್ನಲಿಲ್ಲ. ಅವನೂ ಅನ್ನಲಿಲ್ಲ.

ಫೆಬ್ರುವರಿ 12
ತಾಲೀಮು ತುಂಬಿದ್ದಾಗಲೇ ಹೋದೆ. ಕಾಕಿ, ಆಕೆಯ ಮಗಳು ಆಮ್ರಪಾಲಿ ಫೋಟೊ ಹಿಡಿದು ಬಾಗಿಲಲ್ಲಿ ನಿಂತರು.

"ಖರೇ ಒಂದೂ ಗೆದ್ದಿಲ್ರಿ" ಅಂದೆ. ರಾಜೇಶ್ವರದಲ್ಲಿ ಆದದ್ದನ್ನೂ ಹೇಳಿದೆ. ಪೂರ್ತಿ.

ಗುರುನಾಥ — "ಅಂದ್ರ ನೀ ಶೇರ್ ಅಲ್ಲ, ಬೆಕ್ಕು."

"ಬೆಕ್ಕೂ ಅಲ್ಲ. ಬೆಕ್ಕಾದ್ರ ಕಾಲಮ್ಯಾಗ ಬೀಳ್ತಿತ್ತು" ಅಂದರು ವಸ್ತಾದರು. ನನ್ನ ತೂಕ ಕೇಳಿದರು. ಎಪ್ಪತ್ತೆಂಟು ಕೆಜಿ. ತಲೆಯ ಮೇಲೆ ಕೈ ಎತ್ತಿ ತೋರಿಸಿದರು. "ಇಷ್ಟ್ ಎತ್ತರದಿಂದ? ತಲಿ ಕೆಳಗ?"

"ಹೌದ್ರಿ."

ಅಂಗೈಯ ಮಣ್ಣು ಕೊಡವಿಕೊಂಡರು. "ನಲವತ್ತ್ ವರ್ಷ ಕೆಡವೋದೇ ಕಲಿಸೀನಿ. ಎದುರಿನಂವಗ ಉಳಿಸೋ ಪಟ್ಟು ನಮ್ಮಲ್ಲಿ ಇಲ್ಲ... ಫೋಟೊ ತರ್ರಿ, ತಾಯಿ."

ಕಾಕಿ ಸೆರಗಿನಿಂದ ಗಾಜು ಒರೆಸಿ ಕೊಟ್ಟಳು. ನನ್ನ ಮುಖ ನೋಡಲಿಲ್ಲ.

ಫೆಬ್ರುವರಿ 14
ಮೊಳೆ ಹೊಡೆದಾಯಿತು. ಆ ಗೋಡೆಯಲ್ಲಿ ಪ್ರತಿ ಫೋಟೊದ ಕೆಳಗೆ ಅವರು ಕೆಡವಿದವರ ಹೆಸರು ಪೇಂಟಿನಲ್ಲಿ ಬರೆದಿದೆ. ಕಾಕಾನ ಕೆಳಗೆ ಖಾಲಿ. ವಸ್ತಾದರು ಬ್ರಶ್ ನನಗೇ ಕೊಟ್ಟರು. "ಯಾರಿಗಿ ಉಳಿಸ್ಯಾನ, ಅವನ ಹೆಸರ್ ಬರಿ."

ಆಮ್ರಪಾಲಿ ಡಬ್ಬಿ ಹಿಡಿದಿದ್ದಳು. "ದೊಡ್ಡದ್ ಬರಿ ಅಣ್ಣಾ, ರೋಡಿನಿಂದ ಕಾಣ್ಬೇಕು."

'ಅ' ಬರೆದೆ. 'ಜೀ' ಶುರು ಮಾಡುವಷ್ಟರಲ್ಲಿ ಕಾಕಿ ಹಿಂದಿನಿಂದ ಬಂದು ನನ್ನ ಮೊಣಕೈ ಹಿಡಿದಳು. ಬೇಡ ಅನ್ನುತ್ತಾಳೆ ಅಂದುಕೊಂಡೆ. ಅಲ್ಲ. ಅಕ್ಷರ ಸೊಟ್ಟ ಹೋಗುತ್ತಿತ್ತು, 'ತ' ಮುಗಿಯುವವರೆಗೂ ಮೊಣಕೈ ಬಿಡದೆ ನೇರ ಹಿಡಿದಳು.