ಬಾಲದ ಗೂಡಿನ ಗಾಜು

ಲಿಂಕನ್‌ಶೈರ್, ನವೆಂಬರ್ ೧೯೭೬

ದುರಸ್ತಿ ಕೆಲಸದ ಮುಖ್ಯಸ್ಥರಾದ ಪೆಟಿಫರ್ ಅವರಿಗೆ ವಂದನೆಗಳು.

ಹಳೆಯ ಬಾಂಬರ್ ವಿಮಾನವನ್ನು ವಸ್ತುಸಂಗ್ರಹಾಲಯಕ್ಕೆ ಸಿದ್ಧಪಡಿಸಲು ನಾವು ಕೇಕ್ ಮಾರಿ ಕೂಡಿಸಿದ ಹಣದಲ್ಲಿ, ಬಾಲದ ತುದಿಯಲ್ಲಿ ಗನ್ನರ್ ಕೂರುವ ಗೂಡಿಗೆ ಹೊಸ ಗಾಜು ತರಿಸಿದಿರಿ. ಪ್ರತಿ ಸಲ ಕೂರಿಸಿದ ಮರುದಿನವೂ ಅದು ಬಿಚ್ಚಿಕೊಂಡು ನೆಲದ ಮೇಲಿರುತ್ತದೆ. ಒಡೆದಿರುವುದಿಲ್ಲ. ತಿರುಪುಗಳೂ ಪಕ್ಕದಲ್ಲೇ ಇರುತ್ತವೆ.

"ಲೇ ಸ್ಟ್ಯಾನ್, ನಿನ್ ಕೈಲಿ ಚಹಾದ ಲೋಟ ಒಂದೇ ಗಟ್ಟಿಯಾಗಿ ನಿಲ್ಲೋದು ಕಣೋ," ಎಂದು ಗಾಜು ಕೂರಿಸಿದವನನ್ನು ಜೊತೆ ಕೆಲಸದ ಸಿರಿಲ್ ಇವತ್ತು ಕೆಣಕಿದ.

"ರಾತ್ರಿಯೆಲ್ಲಾ ಶೆಡ್ಡಿನ ಬೀಗದ ಕೈ ನಿನ್ ಜೇಬಲ್ಲೇ ಇತ್ತಲ್ಲೋ ಮಾರಾಯ!" ಎಂದ ಸ್ಟ್ಯಾನ್. ಆಮೇಲೆ ಇಬ್ಬರೂ ನಗಲಿಲ್ಲ.

ಸ್ಟ್ಯಾನ್‌ನನ್ನು ಕೆಲಸದಿಂದ ಬಿಡಿಸುತ್ತೀರೆಂದು ಕೇಳಿದೆ. ದಯವಿಟ್ಟು ಹಾಗೆ ಮಾಡಬೇಡಿ. ಅವನು ಕಾರ್ಖಾನೆಯ ನಕ್ಷೆಯಂತೆಯೇ ಕೆಲಸ ಮಾಡಿದ್ದಾನೆ. ಆದರೆ ಯುದ್ಧದಲ್ಲಿ ಗನ್ನರುಗಳು ಎದುರಿನ ಗಾಜನ್ನು ತೆಗೆದುಬಿಡುತ್ತಿದ್ದರು. ಗಾಜಿನ ಮೇಲಿನ ಸಣ್ಣ ಕಲೆಯೂ ಕತ್ತಲಲ್ಲಿ ಶತ್ರು ವಿಮಾನದಂತೆ ಕಾಣುತ್ತಿತ್ತಂತೆ.

"ಚಳಿ ಹೇಗೋ ತಡ್ಕೋತೀನಿ ಎಡ್ನಾ, ಕಣ್ಣಿಗೆ ಕಾಣದೇ ಇದ್ರೆ ಏಳು ಜನಾನೂ ಹೋಗ್ತೀವಿ," ಎನ್ನುತ್ತಿದ್ದ ನನ್ನ ಗಂಡ ವಿಲ್ಫ್. ಕೊನೆಯ ಸಲ ಈ ವಿಮಾನ ಆರು ಜನರನ್ನು ಜೀವಂತವಾಗಿ ಕರೆತಂದಿತು. ವಿಲ್ಫ್ ಆ ಗೂಡಿನಲ್ಲೇ ತೀರಿಕೊಂಡಿದ್ದ.

ಆದ್ದರಿಂದ ಗಾಜು ಹಾಕಿಸಬೇಡಿ. ಅದನ್ನು ಹಿಂತಿರುಗಿಸಿ ಬಂದ ಹಣ ಬಣ್ಣಕ್ಕೆ ಆಗಲಿ.

ಇನ್ನೊಂದು ಮಾತು. ನಿನ್ನೆ ಸಂಜೆ ನಾನು ಹೆಣೆದ ಉಣ್ಣೆಯ ಕೈಗವಸುಗಳನ್ನು ಗೂಡಿನಲ್ಲಿ ವಿಲ್ಫ್‌ನ ಸೀಟಿನ ಮೇಲಿಟ್ಟು ಬಂದಿದ್ದೆ. ಬೆಳಿಗ್ಗೆ ಶೆಡ್ಡಿನ ಬಕೆಟ್ಟಿನಲ್ಲಿ ನೀರು ಹೆಪ್ಪುಗಟ್ಟಿತ್ತು. ಕೈಗವಸಿನೊಳಗೆ ಬೆರಳಿಟ್ಟು ನೋಡಿದೆ, ಬೆಚ್ಚಗಿತ್ತು.

ಅವನ್ನು ಯಾರೂ ಅಲ್ಲಿಂದ ತೆಗೆಯದಂತೆ ಹೇಳಿ.

ಶೆಡ್ಡಿನ ಚಹಾ ಮೇಜು ನೋಡಿಕೊಳ್ಳುವ
ಎಡ್ನಾ ಥರ್ಲೋ