ಅಪ್ಪನ ಹೆಸರು ಹೊತ್ತ ಸೀಲು

ಫೆಬ್ರವರಿ 6, ಬೆಳಿಗ್ಗೆ ಎಂಟು

ಹಾಂ, ರೆಕಾರ್ಡ್ ಆಗ್ತಿದೆ. ಇವತ್ತೂ ಅದೇ ಗೋಳು. ಕಾಫಿ ಬಾಯಿಗಿಟ್ಟಿಲ್ಲ, ಬಾಗಿಲಲ್ಲಿ ಅಮ್ಮ.

"ಲೋ ಮಿತೆಕ್, ನಿಮ್ಮಪ್ಪ ಎಲ್ಲಿದಾರೆ ಇವತ್ತು?"

"ಪಶ್ಚಿಮಕ್ಕಮ್ಮ. ಐಸು ಮುಗಿಯೋ ಅಂಚಲ್ಲಿ."

"ಅಷ್ಟು ದೂರಾನಾ? ಬದುಕಿದ್ದಾಗ್ಲೂ ಮಾತು ಕೇಳ್ಲಿಲ್ಲ, ಈಗ ಕೇಳ್ತಾರಾ..."

ಅಪ್ಪ ಹೋದ ವರ್ಷವೇ ಹೋದ್ರು. ಕಡಲ ಮೇಲಿನ ಐಸು ಒಡೀತು, ನಾಯಿಬಂಡಿ ಸಮೇತ ಒಳಗೆ. ದೇಹಾನೂ ಸಿಗ್ಲಿಲ್ಲ. ಅಮ್ಮ ಕೇಳೋದು ನನ್ನ ಕಂಪ್ಯೂಟರಲ್ಲಿ ಕಾಣೋ ಸೀಲನ್ನ, ಕಡಲ ಪ್ರಾಣೀನ! ಸೆಪ್ಟೆಂಬರಲ್ಲಿ ನಾನೂ, ಸೀಲು ಅಧ್ಯಯನಕ್ಕೆ ಬಂದಿದ್ದ ವಿಜ್ಞಾನಿ ಬೆಂಟೆನೂ ಬಲೆ ಹಾಕಿ ಹಿಡಿದು, ತಲೆಗೊಂದು ಯಂತ್ರ ಅಂಟಿಸಿ ಬಿಟ್ವಿ. ಅದು ಉಸಿರಿಗೆ ಮೇಲೆ ಬಂದ್ರೆ ಸ್ಯಾಟಲೈಟಿಗೆ ಸುದ್ದಿ, ಮ್ಯಾಪಲ್ಲೊಂದು ಚುಕ್ಕೆ. "ಇದಕ್ಕೊಂದು ಹೆಸರು ಹೇಳು" ಅಂದ್ಲು ಬೆಂಟೆ. ಅದರ ಮೀಸೆ ನೋಡಿ ನಗು ಬಂತು. "ಇನುತೆಕ್. ಥೇಟ್ ನಮ್ಮಪ್ಪ" ಅಂದ್ಬಿಟ್ಟೆ.

ನನ್ನ ಬಾಯಿಗೆ ಬೀಗ ಜಡೀಬೇಕಿತ್ತು.

ಫೆಬ್ರವರಿ 9

ಮಗಳು ತುಕುಮ್ಮೆಕ್‌ಗೆ ತಿಂಗಳು ತುಂಬ್ತಾ ಬಂತು. ಹೋದವರ ಹೆಸರು ಹುಟ್ಟೋ ಮಗೂಗೆ, ಗಂಡಾಗ್ಲಿ ಹೆಣ್ಣಾಗ್ಲಿ. ಹೆಸರು ಬಂದ್ರೆ ಅವರೇ ಬಂದ ಹಾಗೆ. ಅಮ್ಮ ಮಾತ್ರ ಸುತರಾಂ ಒಪ್ಪಲ್ಲ.

"ಹೆಸರು ಕಡಲಲ್ಲಿ ಈಜ್ತಾ ಇದೆ. ಮಗೂಗೆ ಎಲ್ಲಿಂದ ತರ್ಲಿ?"

"ಊರಲ್ಲಿ ಮೂರು ಮಕ್ಕಳಿಗೆ ಒಂದೇ ಹೆಸರಿಲ್ವೇನಮ್ಮ?"

"ಮನುಷ್ಯರು ಹಂಚ್ಕೋತಾರೆ. ಸೀಲು ಹಂಚುತ್ತೇನೋ?"



ಫೆಬ್ರವರಿ 10

ಬೆಂಟೆಗೆ ಫೋನ್ ಮಾಡ್ದೆ. ಪಾಪ, ಹೆಸರು ಅಳಿಸಿ ಹದಿನಾಲ್ಕನೇ ನಂಬರ್ ಅಂತ ಹಾಕಿದ್ಲು. ಯಂತ್ರ ಉದುರೋದು ಜೂನಲ್ಲಂತೆ, ಸೀಲು ಕೂದಲು ಬಿಡೋವಾಗ. ಜೂನು!

ಅಮ್ಮ ಅಂದ್ಲು, "ಕರೆದಿದ್ದು ನೀನು, ಅಳಿಸೋಕೆ ಅವಳ್ಯಾರು?"

ಮಾರ್ಚ್ 4

ಹೆಣ್ಣು ಮಗು. ಮೂರು ದಿನ ಆಯ್ತು, ಹೆಸರಿಲ್ಲ. ಒಂದೇ ಸಮ ಅಳು. ಹಾಲು ಸರಿಯಾಗಿ ಕುಡೀತಿಲ್ಲ. ನರ್ಸು ಏನೂ ತೊಂದ್ರೆ ಇಲ್ಲ ಅಂತಾಳೆ. ಊರಿಗೆ ಗೊತ್ತು — ಹೆಸರಿಗೆ ಅಳ್ತಿದೆ ಅದು. ಮಗಳು ನನ್ನ ಮುಖ ನೋಡಲ್ಲ. "ನಿನ್ನ ಒಂದು ತಮಾಷೆಗೆ ನನ್ನ ಮಗು ಒಣಗ್ತಿದೆ ಅಪ್ಪಾ."

ಮ್ಯಾಪಲ್ಲಿ ಚುಕ್ಕೆ ಕಾಣದೆ ಆರು ದಿನ. ಐಸಿನಡಿ ಎಲ್ಲೋ... ಕರಡಿ ತಿಂದಿರ್ಲಿ ಅಂತ ಅನ್ಕೊಂಡೆ. ಹೌದು, ಅನ್ಕೊಂಡೆ.

ಮಾರ್ಚ್ 5, ಬೆಳಿಗ್ಗೆ

ಅಮ್ಮ ಬಂದ್ಲು. "ಎಲ್ಲಿದಾರೆ?" ನೋಡಿದ್ದನ್ನೇ ಹೇಳ್ದೆ. "ಗೊತ್ತಿಲ್ಲಮ್ಮ. ಏಳು ದಿನದಿಂದ ಸುದ್ದಿ ಇಲ್ಲ."

ಖಾಲಿ ಮ್ಯಾಪ್ ನೋಡಿ, "ಹಾಗಾದ್ರೆ ಕಡಲು ಬಿಟ್ಟು ಬಂದಾಯ್ತು" ಅಂದ್ಲು. ಆಮೇಲೆ ಒದ್ದೆ ಕೈಗವಸು ಕಳಚಿ, ಮಗೂನ ಎತ್ಕೊಂಡು, ಕಿವಿಗೆ ಬಾಯಿಟ್ಟು, "ಇನುತೆಕ್" ಅಂದ್ಲು. ಎರಡು ಸಲ. "ಎಲ್ಲಿ ಅಲೀತಿದ್ಯೋ ಮುದಿಯಾ, ಒಂದು ವರ್ಷ?"

ಮಗು ಸುಮ್ಮನಾಯ್ತು. ಚಪ್ಪರಿಸಿ ಹಾಲು ಕುಡೀತು. ಮಗಳು ಅತ್ಲು. ನಾನೂ... ಬಿಡಿ.

ಅದೇ ದಿನ, ಮಧ್ಯಾಹ್ನ

ಚುಕ್ಕೆ ಬಂದಿದೆ.

ಐಸಿನ ಅಂಚಲ್ಲೇ. ಒಂದಲ್ಲ, ಒಂದರ ಹಿಂದೆ ಒಂದು ನಾಲ್ಕು ಚುಕ್ಕೆ, ಒಂದೇ ಜಾಗದಲ್ಲಿ. ಬಿಸಿಲು ಕಾಯಿಸ್ತಾ ಮಲಗಿದೆ ಅಂತ ಕಾಣುತ್ತೆ, ದರಿದ್ರದ್ದು. ಬದುಕಿದೆ. ಸಿಟ್ಟು ಬರ್ತಿದೆ, ಅದರ ಜೊತೆಗೇ ಏನೋ ಸಮಾಧಾನ... ಯಾಕೋ.

ಅಮ್ಮಂಗೆ ಹೇಳ್ಬೇಕಾ? ಪಕ್ಕದ ಕೋಣೇಲಿ ಮಗೂನ ಬೈತಾ ಕೂತಿದಾಳೆ, ಥೇಟ್ ಅಪ್ಪನ್ನ ಬೈತಿದ್ದ ಹಾಗೇ. "ಮಿತೆಕ್, ಏನೋ ಅದು ನೋಡ್ತಿರೋದು?" ಅಂತಿದಾಳೆ. ಎದ್ದು ಬಂದ್ಲು. ಏನಿಲ್ಲಮ್ಮ, ಇದು ಹದಿನಾಲ್ಕನೇ ನಂ—